ಗಾಜು ಏರಿಸಿದ ಮೇಲೆ

ನವೆಂಬರ್ 11, ಸೋಮವಾರ

ನಸುಕಿನಲ್ಲಿ ಕರೆಂಟ್ ಹೋಯಿತು. ಓಣಿಯೆಲ್ಲ ಎಚ್ಚರ. ಬೇರೆ ಊರಿನ ಜನ ಸಪ್ಪಳವಾದರೆ ಏಳುತ್ತಾರೆ, ನಮ್ಮ ಬನಹಟ್ಟಿಯವರು ಸಪ್ಪಳ ನಿಂತರೆ. ಮಗ್ಗ ನಿಂತಿತೆಂದರೆ ತೊಟ್ಟಿಲ ಕೂಸು ಕೂಡ ಚೀರುತ್ತದೆ. ಲುಂಗಿ ಬಿಗಿದುಕೊಂಡು ಮೂಲೆಯ ಚಹಾದಂಗಡಿಗೆ ನಡೆದೆ. ಕರೆಂಟ್ ಹೋದಾಗ ಚಹಾ. ಪಾವರ್‌ಲೂಮಿನ ಮುಂದೆ ನಿಂತ ದಿನದಿಂದ ಇದೇ ಟೈಮ್‌ಟೇಬಲ್. ಗಡಿಯಾರ ನೋಡಿ ಕುಡಿದವನಲ್ಲ.

ಪಕ್ಕದ ಮನೆಯ ಶಿದ್ರಾಮಪ್ಪ ಆಗಲೇ ಬೆಂಚು ಹಿಡಿದಿದ್ದ. ಅವನದೂ ಮಗ್ಗ. ಸಾಲಿ ಕಲಿಯುವಾಗಿನಿಂದ ಕೂಡಿ ಬಂದವರು. ಗುಬ್ಬಿಗಳು ಕಾಣೆಯಾದವು ಅಂತ ಪೇಪರಿನಲ್ಲಿ ಬಂದಿದೆಯಂತೆ, ಮೊಬೈಲ್ ಟವರಿನ ದೆಸೆಯಿಂದ. ಇರಬಹುದು. ನಮ್ಮ ಓಣಿಯಲ್ಲೂ ಗುಬ್ಬಿಯ ದನಿ ಕೇಳಿ ಎಷ್ಟು ವರ್ಷವಾಯಿತೋ. ಇಬ್ಬರೂ ಸ್ವಲ್ಪ ಹೊತ್ತು ಗುಬ್ಬಿಗಳಿಗೆ ಮರುಗಿದೆವು. ಆಮೇಲೆ ಅವನು ನನ್ನ ಕಡೆ ತಿರುಗಿದ.

‘ಏನಲೇ ರಾಮ್ಯಾ, ಕಾರ್ ತೊಗೊಳ್ಳಾಕತ್ತೀರಂತ? ಎಲ್ಲಿ ನಿಂದರಸ್ತಿ, ತಲಿ ಮ್ಯಾಲೆ?’

‘ಮಗ್ಗದ ಶೆಡ್ಡಿನಾಗ.’

‘ಹಂಗಾರ ಮಗ್ಗ ತಲಿ ಮ್ಯಾಲೆ ಇಟ್ಕೋ.’

ಸುದ್ದಿ ಹೊರಗೆ ಬಿಟ್ಟವಳು ಮೊಮ್ಮಗಳು ಸ್ನೇಹಾ. ನಾಲ್ಕನೆಯ ತರಗತಿ, ಆದರೆ ಆಲ್ ಇಂಡಿಯಾ ರೇಡಿಯೋ.

ಕಾರು ಶೋಕಿಗಲ್ಲ. ಮಳೆಗಾಲದಲ್ಲಿ ಮಗ ನವೀನ ಬೀಳಗಿಯ ಅಂಗಡಿಗೆ ಸೀರೆಯ ಗಂಟು ಬೈಕಿಗೆ ಕಟ್ಟಿಕೊಂಡು ಹೋದವನು ಜಾರಿ ಬಿದ್ದ. ಸೀರೆ ಕೆಸರಿಗೆ, ಕೈಗೆ ಪ್ಲೇಟು. ಇನ್ನು ಬೈಕ್ ಬೇಡ ಅಂದರು ಡಾಕ್ಟರು. ಸೀರೆ ಅಂಗಡಿಗೆ ಮುಟ್ಟದಿದ್ದರೆ ಮಗ್ಗ ಓಡಿಸಿ ಏನು ಮಾಡುವುದು? ಅವನ ಕೈ ಸೋತಾಗ ಇರಲಿ ಅಂತ ಸೊಸೆ ಅನುರಾಧಾ ಕೂಡ ಡ್ರೈವಿಂಗ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಸೆರಗು ಸಿಕ್ಕಿಸಿಕೊಂಡು, ಗಂಭೀರವಾಗಿ, ಪರೀಕ್ಷೆಗೆ ಹೊರಟವಳ ಹಾಗೆ.

ಸಾವಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು? ಆಕೆ ಹೋಗಿ ಎರಡು ದೀಪಾವಳಿ ಆದವು. ಏನೂ ಅನ್ನುತ್ತಿರಲಿಲ್ಲ, ಬಹುಶಃ. ನನ್ನ ಹೆಂಡತಿಗೆ ಮಾತು ಕಡಿಮೆ.

ನವೆಂಬರ್ 14, ಸಂಜೆ

ಜಮಖಂಡಿಗೆ ಹೋಗಿದ್ದೆವು. ಹೊಸ ಕಾರಿನ ಶೋರೂಮು. ನೆಲ ಕನ್ನಡಿ. ಚಪ್ಪಲಿ ಬಿಡಬೇಕೋ ಬೇಡವೋ ಅಂತ ಬಾಗಿಲಲ್ಲೇ ನಿಂತೆ. ಟೈ ಕಟ್ಟಿದ ಹುಡುಗ ಬಂದ. ಎಕ್ಸ್ ಶೋರೂಮ್, ಆನ್ ರೋಡ್, ಇಎಂಐ — ಒಂದು ಗಾಡಿಗೆ ಮೂರು ರೇಟು. ನವೀನ ಡಿಕ್ಕಿ ತೆಗೆದು ಎಷ್ಟು ಗಂಟು ಹಿಡಿಸುತ್ತವೆ ಅಂತ ಗೇಣು ಹಾಕಿದ. ಸ್ನೇಹಾ ನೀರಿನ ಬಾಟಲಿ ಇಡುವ ಜಾಗ ಎಣಿಸಿದಳು. ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿದರು.

‘ಅಜ್ಜಾರ, ಗ್ಲಾಸ್ ಏರಸ್ತೇನ್ರಿ,’ ಅಂದ ಹುಡುಗ. ಬಾಗಿಲು ಹಾಕಿದ. ಗಾಜು ಏರಿತು.

ಆಮೇಲೆ ಆದದ್ದನ್ನು ಬರೆಯಲು ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಜಗತ್ತನ್ನು ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗಾಯಿತು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು, ಮೇಲೆ ದೊಡ್ಡ ಸ್ಪೀಕರು — ಹೋಗುತ್ತಿದೆ, ಸಪ್ಪಳವಿಲ್ಲ. ನವೀನ ಬಾಯಿ ಆಡಿಸುತ್ತಿದ್ದಾನೆ, ಮಾತಿಲ್ಲ. ಗಂಟಲಲ್ಲಿ ಉಗುಳು ಇಳಿದದ್ದು ಕೇಳಿಸಿತು. ನನ್ನದೇ ಉಗುಳು. ಉಸಿರು ಕೇಳಿಸಿತು. ಎದೆ ಬಡಿಯುವುದು ಕೇಳಿಸಿತು, ನಿಧಾನ, ಹಳೆಯ ಮಗ್ಗ ಒಂದು ಕೈಯಲ್ಲಿ ತಿರುಗಿಸಿದ ಹಾಗೆ. ಇಷ್ಟು ವರ್ಷ ಇದು ಒಳಗೆ ಓಡುತ್ತಿತ್ತೇ? ನನ್ನ ಪರವಾನಿಗಿ ಇಲ್ಲದೆ?

ಇನ್ನೂ ಒಂದು. ದೂರದಲ್ಲಿ ಎಲ್ಲೋ ಮಗ್ಗ ನಡೆದಂತೆ ಗುಂಯ್ ಅನ್ನುತ್ತಿತ್ತು. ಇಲ್ಲಿ ಯಾರ ಮಗ್ಗ ಅಂತ ಹುಡುಕಿದೆ. ಅದು ಹೊರಗಿರಲಿಲ್ಲ. ನನ್ನ ಕಿವಿಯೊಳಗೇ ಇತ್ತು.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಎರಡು ಶಬ್ದ ಹೇಳಿಕೊಟ್ಟಿದ್ದರು: ಥಂಡರ್‌ಸ್ಟ್ರಕ್, ವಂಡರ್‌ಸ್ಟ್ರಕ್. ಒಂದು ಹೆದರಿಕೆಗೆ, ಒಂದು ಸೋಜಿಗಕ್ಕೆ. ಯಾವುದು ಯಾವುದಕ್ಕೆ ಅಂತ ಪರೀಕ್ಷೆಯಲ್ಲೂ ತಪ್ಪಿದ್ದೆ. ಇವತ್ತು ಎರಡೂ ಆಯಿತು, ಹೀಗಾಗಿ ಈಗಲೂ ಗೊತ್ತಿಲ್ಲ.

ಏಳು ಲಕ್ಷ ಅಂದ ಹುಡುಗ. ನವೀನ ‘ಬರ್ತೇವ್ರಿ’ ಅಂದ. ಹಾಗಂದವರು ಬರುವುದಿಲ್ಲ ಅಂತ ಆ ಹುಡುಗನಿಗೂ ಗೊತ್ತು. ಆದರೂ ತಣ್ಣೀರು ಕೊಟ್ಟ. ಪುಣ್ಯವಂತ.

ನವೆಂಬರ್ 15

ಮಗ್ಗದ ಮುಂದೆ ನಿಂತು ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿದೆ. ಅದು ಅಲ್ಲ. ಅದರ ಹತ್ತಿರಕ್ಕೂ ಇಲ್ಲ. ‘ತಲಿ ನೋಯಾಕತ್ತೈತೇನ್ರಿ?’ ಅಂತ ಸೊಸೆ ಒದರಿ ಕೇಳಿದಳು. ಇಲ್ಲ ಅಂತ ಕೈ ಮಾಡಿದೆ.

ನವೆಂಬರ್ 20

ಉಂಡ ಮೇಲೆ ಎಲ್ಲರೂ ಕೂತೆವು. ಹೊಸದು ನಮ್ಮ ಕೈಗೆ ನಿಲುಕುವುದಿಲ್ಲ. ಸೆಕೆಂಡ್‌ಹ್ಯಾಂಡ್, ಎರಡೂವರೆ ಲಕ್ಷದ ಒಳಗೆ. ಸೊಸೈಟಿಯಲ್ಲಿ ಸಾವಕ್ಕನ ಹೆಸರಿನ ಠೇವಣಿ ಒಂದು. ಅನುರಾಧಾಳ ಭಿಶಿ ಒಂದು. ಓಣಿಯ ಹೆಂಗಸರು ತಿಂಗಳಾ ದುಡ್ಡು ಕೂಡಿಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತುವ ಗಂಟು ಅದು. ಈ ಸಲದ ಸರದಿ ಎದುರು ಮನೆಯ ಯಲ್ಲಕ್ಕನದು. ‘ನೀ ತೊಗೊಳವಾ, ನನಗೇನ ಕಾರ್ ಬೇಕಾಗಿಲ್ಲ. ಒಮ್ಮೆ ಕುಂದ್ರಿಸಿ ಒಯ್ಯಿ, ಸಾಕು,’ ಅಂತ ಬಿಟ್ಟುಕೊಟ್ಟಳಂತೆ. ಎಷ್ಟು ಹಗುರಾಗಿ ಕೊಡುತ್ತಾರೆ ಈ ಹೆಣ್ಣುಮಕ್ಕಳು.

ಉಳಿದದ್ದಕ್ಕೆ ಮಗ್ಗ. ಆರರಲ್ಲಿ ಎರಡು ಹಳೆಯವು.

‘ಹೆಂಗಿದ್ರೂ ಆಳ ಸಿಗವಲ್ರು, ಅಪ್ಪಾ. ವಾರದಾಗ ಅರ್ಧ ದಿನ ನಿಂತ ಇರ್ತಾವ,’ ಅಂದ ನವೀನ.

ಗೊತ್ತಿದೆ. ಅವೆರಡರಲ್ಲಿ ಒಂದು ನಾನು ಮೊಟ್ಟಮೊದಲು ನಿಂತ ಮಗ್ಗ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

‘ಗಾಡಿ ಆರಿಸೂದು ನಿನಗ ಬಿಟ್ಟೇನಿ. ಸಪ್ಪಳ ಕೇಳಿ ಮಿಶಿನ್ ಬ್ಯಾನಿ ಹೇಳಾಂವ ನೀ. ಈ ಓಣ್ಯಾಗ ಯಾರ ಮಗ್ಗ ಕೆಟ್ರೂ ನಿನ್ನ ಕರೀತಾರ.’

ಅದು ಖರೆ. ಬೋಲ್ಟು ಸಡಿಲಾದರೆ ಆಚೆ ಬೀದಿಯಿಂದ ಹೇಳಿದ್ದೇನೆ. ಎದೆ ಸ್ವಲ್ಪ ಉಬ್ಬಿತು. ಮಲಗುವಾಗ ಇಳಿಯಿತು. ಎರಡು ಮಗ್ಗ ಹೋಗಿ ಒಂದು ಕಾರು ಬರುತ್ತದೆ. ಛಲೋದು ಬಂದರೆ ಸರಿ. ನನ್ನ ಆಯ್ಕೆ ತಪ್ಪಿದರೆ ಮಗ್ಗವೂ ಇಲ್ಲ, ಕಾರೂ ಇಲ್ಲ. ಪ್ಲೇಟು ಹಾಕಿದ ಕೈಯ ಮಗ, ಮನೆಯಲ್ಲಿ ಕೊಳೆಯುವ ಸೀರೆ.

ನವೆಂಬರ್ 24, ಭಾನುವಾರ

ಮುಧೋಳದಲ್ಲಿ ನೋಡಿ ಬಂದೆವು. ಅನುರಾಧಾಳ ತಂದೆ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಲ್ಲಿ ಮುಧೋಳ ನಾಯಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಅವರ ಪರಿಚಯದ ಭೀಮಪ್ಪ ಎನ್ನುವವರ ಗಾಡಿ. ಸಕ್ಕರೆ ಕಾರ್ಖಾನೆಯಿಂದ ರಿಟೈರ್ ಆದವರು, ಸಾಧು ಮನುಷ್ಯ. ಕಾರಿಗೆ ಹಳೆಯ ಸೀರೆ ಹೊದಿಸಿದ್ದರು. ಅಂಚಿನ ದಡಿ ಮುಟ್ಟಿ ನೋಡಿದೆ. ನಮ್ಮೂರಿನ ನೇಯ್ಗೆ. ಎಲ್ಲಿ ಹುಟ್ಟಿದ ಸೀರೆ, ಯಾರ ಮೈಮೇಲಿದ್ದು, ಕೊನೆಗೆ ಯಾವುದನ್ನು ಕಾಯುತ್ತದೆ. ಸೆರಗು ಸರಿಸಿದ ಹಾಗೆ ಸರಿಸಿದರು. ಬೆಳ್ಳಿ ಬಣ್ಣ.

ಸ್ಪೀಚ್ ಈಸ್ ಸಿಲ್ವರ್, ಮಾತು ಬೆಳ್ಳಿ, ಅಂತ ಕಾಲೇಜಿನಲ್ಲಿ ಕಲಿತದ್ದು. ಮುಂದಿನದು ನಮ್ಮದೇ: ಮೌನ ಬಂಗಾರ. ಇದರೊಳಗೆ ಬಂಗಾರ ಇದೆಯೋ ನೋಡಬೇಕಿತ್ತು.

ಭೀಮಪ್ಪನವರು ಓಡಿಸಿದರು. ಮುಂದೆ ನಾನು. ಹಿಂದೆ ನವೀನ, ಬೇಡವೆಂದರೂ ಬಂದ ಶಿದ್ರಾಮಪ್ಪ, ಸ್ನೇಹಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡ ಅನುರಾಧಾ. ಊರು ದಾಟಿದ ಮೇಲೆ ಗಾಜು ಏರಿಸಲು ಹೇಳಿದೆ. ಕಣ್ಣು ಮುಚ್ಚಿದೆ. ಮೊದಲ ಗೇರು, ಎರಡು, ಮೂರು, ನಾಲ್ಕು. ಕೇಳಿದೆ. ಕೇಳಿದೆ. ಏನೂ ಇಲ್ಲ. ಹೊಸ ಕಾರಿನ ಅದೇ ನಿಶ್ಶಬ್ದ, ಮೂರನೆಯ ಒಂದು ಭಾಗದ ಬೆಲೆಗೆ. ಉದ್ದದ್ದನ್ನು ಗಿಡ್ಡ ಮಾಡಿ ಬರೆಯಲು ಇಂಗ್ಲಿಷ್ ಸರ್ ಕಲಿಸಿದ ಪ್ರೆಸಿ ರೈಟಿಂಗ್ ಅಂದರೆ ಇದೇ. ಒನ್ ಥರ್ಡ್ ಮಾಡಿದರೂ ಅರ್ಥ ಕೆಡಬಾರದು.

‘ಸಪ್ಪಳ ಅನ್ನೂದ ಇಲ್ಲ,’ ಅಂದೆ.

‘ಖರೆ ಅಪ್ಪಾ,’ ಅಂದ ನವೀನ.

‘ಎಂಜಿನ್ ಚಾಲೂ ಮಾಡೀರೋ ಇಲ್ಲೋ? ಇಳಿದ ನೂಕಬೇಕೇನ?’ ಶಿದ್ರಾಮಪ್ಪ.

‘ಎಂಟ ವರ್ಷ ಆತ್ರಿ. ಇಂದಿಗೂ ಹಿಂಗ ಐತಿ,’ ಅಂದರು ಭೀಮಪ್ಪನವರು. ಮಗಳನ್ನು ತೋರಿಸುವ ತಂದೆಯ ದನಿ.

ಅನುರಾಧಾ ನನ್ನನ್ನೊಮ್ಮೆ ನೋಡಿದಳು, ಕನ್ನಡಿಯಲ್ಲಿ. ಆಮೇಲೆ ಹೊರಗೆ. ಗಾಡಿಯಲ್ಲಿ ಕೂತು ಹೊಟ್ಟೆ ತೊಳಸಿತೇನೋ.

ಎರಡು ಲಕ್ಷ ನಲವತ್ತಕ್ಕೆ ಮುಗಿಯಿತು. ಇಪ್ಪತ್ತು ಸಾವಿರ ಮುಂಗಡ ಸಂಚಕಾರ ಕೊಟ್ಟು ಬಂದೆವು. ಕೈಮೇಲೆ ಕೈಹಾಕಿ ಮಾತು ಕೊಟ್ಟಿದ್ದೇನೆ.

ನವೆಂಬರ್ 29

ಮಗ್ಗ ಹೋದವು. ಗುಜರಿಯವರು ಬಿಚ್ಚಿ, ತೂಗಿ, ಟ್ರಾಲಿಗೆ ಹಾಕಿದರು. ಇವುಗಳ ಮೇಲೆ ನೇಯ್ದ ಸೀರೆ ಬಿಚ್ಚಿ ಹಾಸಿದರೆ ಇಲ್ಲಿಂದ ವಿಜಾಪುರ ಮುಟ್ಟಿ ಗೋಳಗುಮ್ಮಟಕ್ಕೆ ಉಡಿಸಿ ಉಳಿಯುತ್ತಿತ್ತು. ಕಿಲೋ ಲೆಕ್ಕ. ಕೆಳಗೆ ಸಿಕ್ಕಿದ್ದು: ಒಂದು ಲಾಳಿ, ಒಂದು ಚಮಚ, ನವೀನ ಸಣ್ಣವನಿದ್ದಾಗ ಕಳೆದುಕೊಂಡು ಮೂರು ದಿನ ಅತ್ತ ಬುಗುರಿ. ಅವನ ಕೈಗೆ ಕೊಟ್ಟೆ. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ನೆಲದ ಮೇಲೆ ಎಣ್ಣೆಯ ಕಪ್ಪು ಚೌಕ ಉಳಿದಿದೆ. ಕಾರು ಅದರ ಮೇಲೇ ನಿಲ್ಲುತ್ತದೆ. ಅದರ ಹಿಂದೆ ಕಂಡಿಕೆ ಯಂತ್ರ — ಲಾಳಿಗೆ ಹಾಕುವ ನೂಲು ಸುತ್ತುವುದು. ಸಾವಕ್ಕ ಜೀವನವೆಲ್ಲ ಕೂತದ್ದು ಅಲ್ಲಿ, ನನ್ನ ಬೆನ್ನ ಹಿಂದೆ. ಈಗ ಅನುರಾಧಾ ಕೂಡುತ್ತಾಳೆ.

ಆರರ ಸಪ್ಪಳ ನಾಲ್ಕಕ್ಕೆ ಇಳಿದಿದೆ. ಸ್ನೇಹಾ ನಿದ್ದೆಯಿಂದ ಎರಡು ಸಲ ಎದ್ದಳು. ‘ಮುತ್ಯಾ, ಮನಿ ಯಾಕ ಖಾಲಿ ಕೇಳತೈತಿ?’ ಅಂದಳು. ಎಂಥ ಮಾತು ಆಡುತ್ತವೆ ಮಕ್ಕಳು.

ಡಿಸೆಂಬರ್ 2

ಊಟಕ್ಕೆ ಕೂತಿದ್ದೆವು. ಅನುರಾಧಾ ರೊಟ್ಟಿ ಹಾಕುತ್ತ ಕೇಳಿದಳು.

‘ಮಾವಾರ, ಆ ಗಾಡಿ ಸಪ್ಪಳ ಅವರ ರಿಪೇರಿ ಮಾಡಿಸಿ ಕೊಡ್ತಾರೇನ್ರಿ?’

‘ಯಾವ ಸಪ್ಪಳ?’

‘ಅದರಿ. ಮೂರನೇ ಗೇರಿನ್ಯಾಗ ಬರ್ತಿತ್ತಲ್ರಿ.’

ನವೀನನ ಕೈ ರೊಟ್ಟಿಯ ಮೇಲೇ ನಿಂತಿತು. ಆಕೆ ನಮ್ಮಿಬ್ಬರ ಮುಖ ನೋಡಿದಳು. ಆಕೆಯ ಮುಖ ಬದಲಾದದ್ದು ಕಂಡೆ.

‘ನಿಮಗ ಕೇಳಿಸಿಲ್ಲೇನ್ರಿ?’

ಕುಂಯ್ ಅಂತ ಬರುತ್ತಿತ್ತಂತೆ. ಸಣ್ಣಗೆ. ‘ಕಿವಿ ನೋಯೂ ನಾಯಿಮರಿ ಅಳತೈತೆಲ್ರಿ, ಹಂಗ. ಹೊಟ್ಟಿ ನೋಯೂದ ಬ್ಯಾರೆ ಇರತೈತ್ರಿ.’ ತಿಮ್ಮಾಪುರದಲ್ಲಿ ಮರಿಗಳ ನಡುವೆ ಬೆಳೆದ ಹುಡುಗಿ. ಕತ್ತಲಲ್ಲಿ ಯಾವ ಮರಿ ಯಾಕೆ ಅಳುತ್ತಿದೆ ಅಂತ ತಂದೆಗೆ ಹೇಳುತ್ತಿದ್ದಳಂತೆ.

‘ಅವತ್ತ ಯಾಕ ಹೇಳ್ಲಿಲ್ಲ?’ ನವೀನನ ದನಿ ಏರಿತು.

‘ನೀವೆಲ್ಲಾರೂ ಸಪ್ಪಳನ ಇಲ್ಲ ಅಂದ್ರಿ. ಇಷ್ಟ ಇದ್ರ ನಡೀತೈತಿ ಅಂತ ನಿಮ್ಮ ಲೆಕ್ಕ ಇರಬೇಕ ಅನಕೊಂಡೆ. ಅದ... ಕೇಳಿಸೇ ಇಲ್ಲ ಅಂತ ನನಗ ಹೆಂಗ ತಿಳೀಬೇಕ್ರಿ?’

ನಾನು ನಕ್ಕೆ. ‘ಸಣ್ಣ ಕಿವಿ, ದೊಡ್ಡ ಸಂಶಯ,’ ಅಂದೆ. ಆಕೆ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೂ ನಿಲ್ಲಿಸಿದೆ. ಮಗ್ಗ ಮಾರಿ ಆಗಿದೆ.

ಡಿಸೆಂಬರ್ 3

ಇಂಥ ದಿನ ನನ್ನ ಆಯುಷ್ಯದಲ್ಲಿ ಬಂದಿರಲಿಲ್ಲ.

ಮಧ್ಯಾಹ್ನ ಕರೆಂಟ್ ಹೋಗಿತ್ತು. ಸ್ನೇಹಾ ಅವ್ವನ ಫೋನು ತಂದಳು. ಅದರಲ್ಲಿ ಕಿವಿ ಪರೀಕ್ಷೆ ಇದೆಯಂತೆ. ಒಂದು ದನಿ ಬರುತ್ತದೆ, ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಗುತ್ತದೆ. ಕೇಳಿಸುವ ತನಕ ಬೆರಳು ಎತ್ತಿರಬೇಕು. ಕಟ್ಟೆಯ ಮೇಲೆ ಕೂತೆವು. ಶುರುವಾಯಿತು. ಮುಗಿಯಿತು. ಬೆರಳು ಇಳಿಸಿದೆ.

‘ಮುತ್ಯಾ, ಇನ್ನ ಐತಿ.’

‘ಎಲ್ಲಿ?’

ನವೀನನದೂ ಇಳಿಯಿತು. ನಗಲು ಬಂದ ಶಿದ್ರಾಮಪ್ಪನದು ನನ್ನದಕ್ಕಿಂತ ಮೊದಲೇ ಇಳಿದಿತ್ತು. ‘ಫೋನ್ ಕೆಟ್ಟೈತಿ, ಕೂಸ. ಅಂಗಡ್ಯಾಗ ತೋರ್ಸು,’ ಅಂದ. ಯಲ್ಲಕ್ಕ ಬಂದಳು. ಅವಳ ಗಂಡ ಬಂದ. ಆಚೆ ಓಣಿಯವರೂ ಬಂದರು. ಒಬ್ಬೊಬ್ಬರದೇ ಬೆರಳು ಕೆಳಗೆ. ನೂಲಿನ ಜನವೆಲ್ಲ ಕೈ ಇಳಿಸಿ ಕೂತಿದ್ದೇವೆ, ನಡುವೆ ಅನುರಾಧಾ, ಸ್ನೇಹಾ ಇಬ್ಬರದೇ ಬೆರಳು ಮೇಲೆ. ಬಾಗಿಲಲ್ಲಿ ಮಲಗಿದ್ದ ಬೀದಿನಾಯಿ ಕಿವಿ ನಿಮಿರಿಸಿ ಎದ್ದು ನಿಂತಿತು. ಅದಕ್ಕೂ ಕೇಳಿಸುತ್ತಿದೆ. ನಮಗಿಲ್ಲ.

ಯಾರೂ ನಗಲಿಲ್ಲ ಆಗ. ಶಿದ್ರಾಮಪ್ಪ ಕೂಡ. ಘಟಪ್ರಭೆಯಂಥ ಒಂದು ಹೊಳೆ ನಮ್ಮ ಓಣಿಯಲ್ಲೇ ಹರಿಯುತ್ತಿದೆ, ನಾವು ಅದರ ದಂಡೆಯಲ್ಲಿ ಕೂತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ.

ಮಂದಿ ಹೋದ ಮೇಲೆ ಸೊಸೆಯನ್ನು ಕೇಳಿದೆ. ಈಗ, ಈ ಕ್ಷಣ, ಏನೇನು ಕೇಳಿಸುತ್ತದೆ ಹೇಳು ಅಂದೆ. ಆಕೆ ಕತ್ತು ವಾಲಿಸಿದಳು.

‘ಬಚ್ಚಲ ನಳ ತಟಕತೈತಿ. ಯಲ್ಲಕ್ಕಾರ ಬಳಿ. ಗುಬ್ಬಿ. ಯಾರೋ ಕಾಗದ ಹರದ್ರು —’

‘ಗುಬ್ಬಿ?’

‘ಹೂಂನ್ರಿ. ಶೆಡ್ಡಿನ ತಗಡಿನ ಕೆಳಗ ಗೂಡ ಐತೆಲ್ರಿ. ದಿನಾ ಚಿಂವಗುಡತಾವ.’

ಹೋಗಿ ನೋಡಿದೆ. ತಗಡಿನ ಸಂದಿಯಲ್ಲಿ ಒಂದು ಬಾಲ ಅಲುಗಿತು. ಎಷ್ಟೋ ವರ್ಷದಿಂದ ಸತ್ತವೆಂದು ಮರುಗಿದ ಗುಬ್ಬಿಗಳು ನನ್ನ ತಲೆಯ ಮೇಲೇ ಸಂಸಾರ ಮಾಡುತ್ತಿವೆ.

ಡಿಸೆಂಬರ್ 8, ಭಾನುವಾರ

ಮತ್ತೆ ಮುಧೋಳ. ಭೀಮಪ್ಪನವರಿಗೆ ಹೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಒದ್ದಾಡಿದೆ. ಕೊಟ್ಟ ಮಾತು. ಹೇಳಿದೆ. ಅವರ ಮುಖ ಬಿಗಿಯಿತು. ‘ಅವತ್ತ ನೀವ ಕಣ್ಣ ಮುಚ್ಚಿ ಕೇಳೀರಲ್ರಿ.’ ಕೇಳಿದ್ದೆ, ಹೌದು.

ಆದರೂ ಗ್ಯಾರೇಜಿಗೆ ಬಂದರು. ಮೆಕ್ಯಾನಿಕ್ ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ, ಹಿಡಿಕೆ ತನ್ನ ಕಿವಿಗೆ ಹಚ್ಚಿದ. ಬಹಳ ಹೊತ್ತು. ಎದ್ದ.

‘ಯಾರಿಗ್ರಿ ಇದು ಒಳಗ ಕುಂತ ಕೇಳಿದ್ದು?’

ಸೊಸೆಯನ್ನು ತೋರಿಸಿದೆವು.

‘ಅಕ್ಕಾರ, ನಾಳಿಂದ ಗ್ಯಾರೇಜಿಗೆ ಬಂದಬಿಡ್ರಿ. ಪಗಾರ ಕೊಡ್ತೇನಿ.’ ಆಮೇಲೆ ನಮಗೆ: ‘ಬೇರಿಂಗ್ ಹೋಗೈತ್ರಿ. ಇನ್ನೊಂದೆರಡ ತಿಂಗಳ ಓಡಿಸಿದ್ರ ಗೇರ್ ತಿಂದ ನಡದಾರ್ಯಾಗ ನಿಂದರ್ತಿತ್ತು.’

ಭೀಮಪ್ಪನವರು ಬಾನೆಟ್ಟಿನ ಮೇಲೆ ಕೈ ಊರಿದರು. ‘ಮೋಸ ಮಾಡೀನಿ ಅನಬ್ಯಾಡ್ರಿ. ಮೂವತ್ತ ವರ್ಷ ಕಬ್ಬ ಅರಿಯೂ ಮಿಲ್ಲಿನ ಬಾಜೂಕ ನಿಂತಾಂವ ನಾ. ಕಿವಿ ಅಲ್ಲೇ ಬಿಟ್ಟ ಬಂದೇನಿ.’

ಮಾರಿದವನಿಗೂ ಕೇಳಿಸಲಿಲ್ಲ, ಕೊಂಡವನಿಗೂ ಕೇಳಿಸಲಿಲ್ಲ. ಇಬ್ಬರು ಕಿವುಡರು ಕೂಡಿ ಇಲ್ಲದ ಮೌನಕ್ಕೆ ಬೆಲೆ ಕಟ್ಟಿದ್ದೆವು. ಅವರಿಗೇ ಮೊದಲು ನಗು ಬಂತು. ಆಮೇಲೆ ನನಗೆ. ನಿಲ್ಲಿಸಲಾಗಲಿಲ್ಲ.

ರಿಪೇರಿ ತಮ್ಮ ಖರ್ಚಿನಲ್ಲಿ ಮಾಡಿಸಿ ಕೊಡುತ್ತಾರೆ. ನಾವು ಕೇಳುವ ಮೊದಲೇ ಅಂದರು. ನವೀನ ಬಸ್ಸಿನಲ್ಲಿ ಹೆಂಡತಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಅವನು ಕ್ಷಮೆ ಕೇಳುವ ರೀತಿ ಅದು. ನನ್ನಿಂದಲೇ ಕಲಿತದ್ದು.

ಡಿಸೆಂಬರ್ 22, ಭಾನುವಾರ

ಕಾರು ಬಂತು. ಶೆಡ್ಡಿನಲ್ಲಿದೆ. ಕಪ್ಪು ಚೌಕದ ಮೇಲೆ. ಅದನ್ನು ಆಮೇಲೆ ಬರೆದರಾಯಿತು. ಇದು ಮೊದಲು.

ಮುಧೋಳದಲ್ಲಿ ನವೀನ, ಭೀಮಪ್ಪನವರು ಕಾಗದಪತ್ರಕ್ಕೆ ಏಜೆಂಟನ ಹತ್ತಿರ ಹೋದರು. ಸ್ನೇಹಾ ಅವರ ಬೆನ್ನಿಗೆ, ಐಸ್‌ಕ್ರೀಮಿನ ಆಸೆಗೆ. ನಾನೂ ಅನುರಾಧಾಳೂ ಗಾಡಿಯಲ್ಲಿ. ಆಗಷ್ಟೇ ಒಂದು ಸುತ್ತು ಹೋಗಿ ಬಂದಿದ್ದೆವು. ‘ಹೋಗೈತ್ರಿ ಸಪ್ಪಳ,’ ಅಂದಿದ್ದಳು. ನನಗೆ ಮೊದಲೂ ನಿಶ್ಶಬ್ದ, ಈಗಲೂ ನಿಶ್ಶಬ್ದ. ಆಕೆಯ ಮಾತನ್ನು ದೇವರ ಮಾತಿನಂತೆ ನಂಬಬೇಕು, ಬೇರೆ ಗತಿಯಿಲ್ಲ.

ಆಕೆ ಸ್ಟೇರಿಂಗ್ ಹಿಡಿದು ಕೂತಿದ್ದಳು, ಸುಮ್ಮನೆ, ರೂಢಿಗೆ. ಕಬ್ಬಿನ ಗಾಡಿಗಳ ಧೂಳು. ಗಾಜು ಏರಿಸಿದಳು.

‘ಮಾವಾರ,’ ಅಂದಳು.

ಬೆಚ್ಚಿದೆ. ಯಾರ ದನಿ ಇದು? ಮನೆಯಲ್ಲಿ ಆಕೆ ಒದರಿಯೇ ಮಾತಾಡುತ್ತಾಳೆ. ಎಲ್ಲರೂ ಒದರುತ್ತೇವೆ. ಇಲ್ಲದಿದ್ದರೆ ತುಟಿ ನೋಡಿ ತಿಳಿಯುತ್ತೇವೆ, ಮಗ್ಗದವರಿಗೆ ಅದು ಬರುತ್ತದೆ. ಇದು ಬೇರೆ. ಮೆತ್ತನೆಯ, ತುದಿ ಸ್ವಲ್ಪ ಒಡೆದ ದನಿ. ಹತ್ತು ವರ್ಷದಿಂದ ನನ್ನ ಮನೆಯಲ್ಲಿರುವ ಹೆಣ್ಣುಮಗಳ ದನಿ ಇವತ್ತು ಕೇಳಿದೆ.

‘ಅತ್ತಿಯಾರ ಇದ್ದಿದ್ರ ಈ ಗಾಡ್ಯಾಗ ಕುಂದ್ರತಿದ್ದಿಲ್ರಿ.’

‘ಯಾಕವಾ?’

‘ಇಲ್ಲಿ ಎಲ್ಲಾ ಕೇಳಸತೈತೆಲ್ರಿ.’ ನಕ್ಕಳು. ‘ಕಂಡಿಕಿ ಸುತ್ತಕೋತ ದಿನಾ ನಿಮ್ಮ ಕೂಡ ಮಾತಾಡ್ತಿದ್ರು. ನೀವು ಮಗ್ಗದ ಕಡೆ ಮಾರಿ ಮಾಡಿರ್ತಿದ್ರಿ. ಅವರು ನಿಮ್ಮ ಬೆನ್ನ ನೋಡಿ ಮಾತಾಡ್ತಿದ್ರು.’

‘ಸಾವಕ್ಕ? ಆಕಿದು ಮಾತ ಕಡಿಮಿ.’

‘ಅಯ್ಯ, ಮಾವಾರ.’

ಆ ಎರಡೇ ಶಬ್ದ. ಏನನ್ನುತ್ತಿದ್ದಳು ಅಂತ ಕೇಳಿದೆ.

‘ಎಲ್ಲಾನೂ. ನಿಮ್ಮ ಅಂಗಿ ಗುಂಡಿ ಹೋದದ್ದು, ಎಣ್ಣಿ ತುಟ್ಟಿ ಆದದ್ದು, ತವರಮನಿ ನೆನಪಾದದ್ದು. ಬೈತಿದ್ರು ಭಾಳ. ಒಮ್ಮೊಮ್ಮೆ ಹಾಡತಿದ್ರು. ನಾ ಹೊಸದಾಗಿ ಬಂದಾಗ ಕೇಳಿದ್ದೆ, ಮಾವಾರಿಗೆ ಕೇಳಸಂಗಿಲ್ಲಲ್ರಿ ಅತ್ತಿ, ಮತ್ಯಾಕ ಹೇಳ್ತೀರಿ ಅಂತ.’

‘ಅದಕ್ಕ?’

‘ಕೇಳಸತಿದ್ರ ಹೇಳಾಕ ಬರ್ತಿತ್ತೇನ ನನಗ, ಅಂದ್ರು.’

ಎದೆ ಬಡಿಯುವುದು ಕೇಳಿಸಿತು ಮತ್ತೆ. ಆಕೆಗೂ ಕೇಳಿಸಿರಬೇಕು, ಆ ಕಿವಿಗೆ.

‘ಒಂದು ಹೇಳು,’ ಅಂದೆ.

‘ಸ್ನೇಹಾಗ ಹೆಸರಿಡೂ ದಿನ ನೀವು ಹೊಸಾ ಅಂಗಿ ಹಾಕ್ಕೊಂಡು, ಮಂದಿ ಬರೂತನಾ ಒಂದ ಸೀರಿ ಮುಗಸ್ತೇನಂತ ಮಗ್ಗಕ್ಕ ನಿಂತಿದ್ರಿ. ಅತ್ತಿಯಾರ ಕಂಡಿಕಿ ಬಿಟ್ಟ ನಿಮ್ಮನ್ನ ನೋಡಿದ್ರು. ನೋಡ, ಇವತ್ತ ಎಷ್ಟ ಚೆಂದ ಕಾಣಾಕತ್ತಾರ. ಹೇಳಿದ್ರ ಉಬ್ಬಿ ಬಾಗಲಾಗ ಹಿಡ್ಯಂಗಿಲ್ಲ — ಹಂಗಂದ್ರು.’

ನವೀನ ಬಾಗಿಲು ತೆರೆದ. ಊರಿನ ಸಪ್ಪಳವೆಲ್ಲ ಒಮ್ಮೆಲೆ ಒಳಗೆ ನುಗ್ಗಿತು.

ಡಿಸೆಂಬರ್ 23

ಮಗ್ಗಕ್ಕೆ ನಿಂತೆ. ಬೆನ್ನು ಬೆಚ್ಚಗಿತ್ತು. ಒಲೆಗೆ ಬೆನ್ನು ಮಾಡಿ ನಿಂತ ಹಾಗೆ. ನಡುವೆ ಒಮ್ಮೆ ತಿರುಗಿ ನೋಡಿದೆ. ಕಂಡಿಕೆ ಯಂತ್ರದ ಮುಂದೆ ಅನುರಾಧಾ, ನವೀನನ ಬೆನ್ನು ನೋಡುತ್ತ — ತುಟಿ ಅಲುಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದೊಡನೆ ನಿಲ್ಲಿಸಿದಳು. ಏನು ಅಂತ ಕೈ ಮಾಡಿದೆ. ‘ಏನಿಲ್ರಿ, ಕಂಡಿಕಿ ಲೆಕ್ಕ,’ ಅಂತ ಒದರಿದಳು.

ಈ ಊರಿನ ಶೆಡ್ಡುಗಳಲ್ಲಿ ಇನ್ನೂ ಎಷ್ಟು ಹೆಂಗಸರು ಲೆಕ್ಕ ಮಾಡುತ್ತಿದ್ದಾರೋ.

ಡಿಸೆಂಬರ್ 26

ಒಂದು ವಿಚಾರ ಬಿಡುತ್ತಿಲ್ಲ. ನಾನು ಕೇಳುವುದಿಲ್ಲ ಅಂತಲೇ ಆಡಿದ ಮಾತು. ಈಗ ಕೇಳುವುದು ಸರಿಯೇ? ಕಾಲೇಜಿನ ತೋಟಕ್ಕೆ ಒಂದು ಬೋರ್ಡು ಇತ್ತು: ಟ್ರೆಸ್‌ಪಾಸರ್ಸ್ ವಿಲ್ ಬಿ... ಅಪ್ಪಣೆಯಿಲ್ಲದೆ ಒಳಗೆ ಬಂದವರನ್ನು ಏನು ಮಾಡುತ್ತಾರೆ ಅನ್ನುವುದು ಮಳೆಗೆ ಅಳಿಸಿಹೋಗಿತ್ತು. ಹೀಗಾಗಿ ಯಾರೂ ಒಳಗೆ ಹೋಗುತ್ತಿರಲಿಲ್ಲ.

ಜನವರಿ 5, ಭಾನುವಾರ

ಗಾಡಿ ಛಲೋ ನಡೆದಿದೆ. ನವೀನ ಬೀಳಗಿಗೆ, ಮುಧೋಳಕ್ಕೆ ಎರಡೆರಡು ಸಲ ಸೀರೆ ಮುಟ್ಟಿಸಿ ಬಂದ. ಇವತ್ತು ಸೊಸೆ ಎಲ್ ಬೋರ್ಡು ಹಚ್ಚಿ, ಪಕ್ಕದಲ್ಲಿ ನವೀನನನ್ನು ಕೂಡಿಸಿಕೊಂಡು ಚಿಮ್ಮಡದ ತನಕ ಓಡಿಸಿದಳು. ಹಿಂದೆ ನಾನು, ಸ್ನೇಹಾ, ಮಾತು ಕೊಟ್ಟಂತೆ ಯಲ್ಲಕ್ಕ. ಯಲ್ಲಕ್ಕ ಹೋಗುವಾಗಲೂ ಬರುವಾಗಲೂ ಕೈಮುಗಿದುಕೊಂಡೇ ಕೂತಿದ್ದಳು. ರಸ್ತೆಯ ಎರಡೂ ಕಡೆ ಕಬ್ಬು, ನಡುವೆ ನಮ್ಮ ಮನೆಯ ಹುಡುಗಿ, ಕಣ್ಣು ಮುಂದೆ, ಕಿವಿ ಎಲ್ಲ ಕಡೆ. ಈ ಎರಡು ಕಣ್ಣಿನಿಂದ ಇದನ್ನು ನೋಡಿದೆ.

ಚಿಮ್ಮಡದಲ್ಲಿ ಉಳಿದವರು ಚಹಾಕ್ಕೆ ಇಳಿದರು. ಕೇಳಿಯೇಬಿಟ್ಟೆ.

‘ಉಳಿದದ್ದು ನಾ ಕೇಳಬಹುದೇನವಾ? ಸಾವಕ್ಕಗ ಬ್ಯಾಡಾಗಿತ್ತಲ್ಲ.’

ಆಕೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಅವತ್ತಿನ ಹಾಗೆ.

‘ಅತ್ತಿಯಾರಿಗೆ ಗೊತ್ತಿತ್ರಿ, ನನಗ ಕೇಳಸತೈತಂತ. ಗೊತ್ತಿದ್ದ ಮ್ಯಾಲೂ ನಿಲ್ಲಿಸ್ಲಿಲ್ರಿ. ನಾ ಕುಂದ್ರೂ ಮಣಿ ಬಾಜೂಕ ಎಳಕೊಂಡ ಕುಂದ್ರಿಸಿಕೊಂಡ್ರು.’

ಅಷ್ಟೇ ಹೇಳಿದಳು.

ಜನವರಿ 12, ಭಾನುವಾರ, ಮಧ್ಯಾಹ್ನ

ಕರೆಂಟ್ ಹೋಗಿದೆ. ನವೀನ ಮಗಳನ್ನು ಕರೆದುಕೊಂಡು ಬೀಳಗಿಗೆ ಹೋಗಿದ್ದಾನೆ, ಕಾರು ಅವನ ಜೊತೆ. ಶೆಡ್ಡು ಅರ್ಧ ಖಾಲಿ. ತಗಡಿನ ಕೆಳಗೆ ಆ ಬಾಲ ಕಾಣುತ್ತಿದೆ. ಕೊಕ್ಕು ತೆರೆಯುತ್ತದೆ, ಮುಚ್ಚುತ್ತದೆ. ಚಿಂವ್ ಅನ್ನುತ್ತಿದೆ ಅಂತ ನನ್ನಷ್ಟಕ್ಕೆ ನಾನೇ ಬರೆದುಕೊಳ್ಳುತ್ತೇನೆ.

ಶಿದ್ರಾಮಪ್ಪ ಬೀದಿಯಿಂದ ಒದರಿದ. ‘ಲೇ ರಾಮ್ಯಾ, ಚಾ! ಕಾಲಿಗೇನ ಬೇರಿಂಗ್ ಹೋಗೈತೇನ?’

ಇವತ್ತು ಬರುವುದಿಲ್ಲ ಅಂದೆ. ಅವನು ನಂಬಲಿಲ್ಲ. ಬಾಗಿಲ ತನಕ ಬಂದು ನೋಡಿ ಹೋದ.

ಅನುರಾಧಾ ಕಂಡಿಕೆ ಯಂತ್ರ ಬಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ‘ಹೋಗಲಿಲ್ಲೇನ್ರಿ?’ ಇಲ್ಲ ಅಂತ ಕೈ ಮಾಡಿದೆ. ಆಮೇಲೆ ಬಾಯಿಬಿಟ್ಟೂ ಹೇಳಿದೆ. ಎರಡು ಮಣೆ ತಂದಳು. ಒಂದು ನನಗೆ, ಒಂದು ತನಗೆ, ಹತ್ತಿರ, ನನಗೆ ಆಕೆಯ ತುಟಿ ಕಾಣುವ ಹಾಗೆ.

‘ಒಮ್ಮೆ ಏನಾತಂದ್ರ ಮಾವಾರ,’ ಅಂದಳು.

ತಡಿಯವಾ, ಬರೆಯುತ್ತಿರುವ ಸಾಲು ಮುಗಿಸುತ್ತೇನೆ ಅಂದೆ. ಸಾಲಿಗೇನು, ಆಮೇಲೆ ಮುಗಿದೀತು. ಕರೆಂಟ್ ಬರುವುದರೊಳಗೆ —